ಕರೆಂಟು ಹೋದರೆ ಕಾವು ಹೋಗುವುದಿಲ್ಲ

ಹೋದ ತಿಂಗಳು ಡಿಪ್ಲೊಮಾ ಕಾಲೇಜೊಂದರವರು ಕರೆದು ಶಾಲು ಹೊದಿಸಿ, ಮೈಕಿನಲ್ಲಿ "ಅಣುವಿಜ್ಞಾನಿ ಜಯಮ್ಮನವರು" ಅಂತ ಕೂಗಿಬಿಟ್ಟರು. ಯಾವ ವಿಜ್ಞಾನಿ? ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ನಮ್ಮೂರು ಕೈಲಾಂಚದಲ್ಲಿ ಬಸ್ಸು ಹತ್ತಿ, ಕನಕಪುರದ ದಾರಿಯಲ್ಲಿದ್ದ ಒಂದು ತಗಡಿನ ಕಾರ್ಖಾನೆಗೆ ಹೋಗಿ, ಜೀವಮಾನವೆಲ್ಲ ಗಾಳಿ ಅಳೆದವಳು. ಅಣು ಇಂಧನದ ಒಂದು ಚೂರನ್ನೂ ಕಣ್ಣಾರೆ ಕಂಡವಳಲ್ಲ. ಅಲ್ಲೇ ಹಾಗೆ ಹೇಳಿದೆ. ಮೇಷ್ಟ್ರು ನಕ್ಕು, "ಮೇಡಂ ಬಹಳ ಸರಳ ವ್ಯಕ್ತಿ" ಅಂದರು. ಸರಳವಂತೆ! ಕಾರ್ಖಾನೆಯಲ್ಲಿ ನನಗೆ ಮೆಣಸಿನಕಾಯಿ ಜಯಮ್ಮ ಅಂತ ಹೆಸರಿಟ್ಟಿದ್ದರು. ಹುಡುಗ ಹುಡುಗಿಯರು ಸಾಲಾಗಿ ಬಂದು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ನಿಮ್ಮ ಕೆಲಸ ಏನಿತ್ತು ಅಂತ ಒಬ್ಬರಾದರೂ ಕೇಳಬೇಕಲ್ಲ? ಕೇಳಲಿಲ್ಲ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದಿ.

ಅಣು ವಿದ್ಯುತ್ ಸ್ಥಾವರದಲ್ಲಿ ಇಂಧನ ಉರಿದು ಮುಗಿದ ಮೇಲೂ ಅದು ಸುಮ್ಮನಾಗುವುದಿಲ್ಲ. ವರ್ಷಗಟ್ಟಲೆ ತನ್ನಷ್ಟಕ್ಕೆ ತಾನೇ ಬಿಸಿ ಹುಟ್ಟಿಸುತ್ತಲೇ ಇರುತ್ತದೆ. ಸೌದೆ ಎಳೆದರೆ ಆರುವ ಒಲೆಯಲ್ಲ ಅದು, ನೀರು ಹುಯ್ದರೆ ಸಾಯುವ ಕೆಂಡವೂ ಅಲ್ಲ. ಅಂಥದ್ದನ್ನು ದಪ್ಪ ಉಕ್ಕಿನ ಡಬ್ಬಗಳಲ್ಲಿ ತುಂಬಿ, ಕಾಂಕ್ರೀಟಿನ ಕೋಣೆಯಲ್ಲಿ ಇಡುತ್ತಾರೆ. ಡಬ್ಬಗಳ ಸುತ್ತ ಗಾಳಿ ಹರಿಯುತ್ತಿರಬೇಕು. ಕೆಳಗಿನಿಂದ ತಣ್ಣನೆ ಗಾಳಿ ಒಳಗೆ ಬಂದು, ಕಾವು ಹೊತ್ತುಕೊಂಡು ಮೇಲಿನ ಚಿಮಣಿಯಿಂದ ಹೊರಗೆ ಹೋಗಬೇಕು. ಗಾಳಿ ನಿಂತರೆ ಡಬ್ಬ ಕಾಯುತ್ತದೆ, ಗೋಡೆ ಕಾಯುತ್ತದೆ, ಆಮೇಲೆ ಆಗಬಾರದ್ದು ಆಗುತ್ತದೆ. ಆ ಗಾಳಿಯ ಕೊಳವೆ, ಫ್ಯಾನು, ಬಾಗಿಲುಗಳನ್ನು ಮಾಡುತ್ತಿದ್ದದ್ದು ನಮ್ಮ ಕಾರ್ಖಾನೆ.

ರೇಷ್ಮೆ ಸೀಮೆಯಲ್ಲಿ ಇಂಥ ಕಾರ್ಖಾನೆ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ನಮ್ಮ ಸಾಹುಕಾರರು ರಾಮನಗರದವರು. ಮೊದಲು ರೇಷ್ಮೆಗೂಡು ಒಣಗಿಸುವ ಬಿಸಿಗಾಳಿ ಪೆಟ್ಟಿಗೆ ಮಾಡಿ ಮಾರುತ್ತಿದ್ದವರು. ಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸದಿದ್ದರೆ ಒಳಗಿನ ಹುಳ ಚಿಟ್ಟೆಯಾಗಿ, ಗೂಡು ಕೊರೆದುಕೊಂಡು ಹೊರಗೆ ಬಂದುಬಿಡುತ್ತದೆ. ಆ ಪೆಟ್ಟಿಗೆ ಮಾಡಿ ಮಾಡಿ ಗಾಳಿ, ಕಾವು, ತಗಡು ಮೂರೂ ಅವರ ಕೈಗೆ ಹತ್ತಿದ್ದವು. ಅಣು ಸ್ಥಾವರದ ದೊಡ್ಡ ಕಚೇರಿಯವರು ಟೆಂಡರ್ ಕರೆದಾಗ ನುಗ್ಗಿಬಿಟ್ಟರು. ಆದರೆ ಕಚೇರಿಯವರ ಷರತ್ತು ಒಂದಿತ್ತು. ಡಬ್ಬಗಳನ್ನಿಡುವ ನಿಜವಾದ ಉಗ್ರಾಣಕ್ಕೆ ಸಾಮಾನು ಕಳಿಸುವ ಮುಂಚೆ, ಅದರಂಥದೇ ಒಂದು ಕೋಣೆಯನ್ನು ಕಾರ್ಖಾನೆಯಲ್ಲೇ ಕಟ್ಟಿ, ಡಬ್ಬಗಳಲ್ಲಿ ಇಂಧನದ ಬದಲು ಕರೆಂಟ್ ಹೀಟರ್ ಇಟ್ಟು, ಗಾಳಿ ಸರಿಯಾಗಿ ಕಾವು ಒಯ್ಯುತ್ತದಾ ಅಂತ ತೋರಿಸಬೇಕು. ಆ ನಕಲು ಕೋಣೆಯ ಉಸ್ತುವಾರಿ ನನ್ನದು. ವಿಕಿರಣ ಗಿಕಿರಣ ಏನೂ ಇರಲಿಲ್ಲ. ಇಷ್ಟು ಸಲ ಹೇಳಿದರೂ ನಮ್ಮತ್ತೆ, "ಮೊದ್ಲು ಬಚ್ಚಲಿಗೋಗು, ನಿನ್ನ ಅಣು ನಮ್ಮುಳುಕ್ಕೆ ತಗಲಾದು" ಅಂತ ಸ್ನಾನ ಮಾಡಿಸದೆ ನನ್ನನ್ನು ರೇಷ್ಮೆಹುಳು ಸಾಕುವ ಹುಳುಮನೆ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಸಾಹುಕಾರರ ತಲೆಯಲ್ಲೂ ಅದೇ ಹುಳುಮನೆ. ಒಂದು ಬೇಸಿಗೆಯಲ್ಲಿ ಡಬ್ಬಗಳ ಕಾವು ತೋರಿಸುವ ಮುಳ್ಳು ಕೆಂಪು ಗೆರೆ ದಾಟುವ ಹಾಗೆ ಕಂಡಿತು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಗಾಳಿ ಒಳಗೆ ಬರುವ ಕಿಂಡಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿಸಿಬಿಟ್ಟಿದ್ದರು! ಹುಳುಮನೆ ಕಿಟಕಿಗೆ ಬೇಸಿಗೆಯಲ್ಲಿ ಎಲ್ಲರೂ ಕಟ್ಟುವುದು ಹಾಗೇ. ಅಲ್ಲಿ ಬಿಸಿ ಬರುವುದು ಹೊರಗಿನಿಂದ, ಗೋಣಿ ತಡೆಯುತ್ತದೆ. ನಮ್ಮ ಕೋಣೆಯಲ್ಲಿ ಬಿಸಿ ಹುಟ್ಟುವುದೇ ಒಳಗೆ. ಫ್ಯಾನು ಎಳೆದ ರಭಸಕ್ಕೆ ಒದ್ದೆ ಗೋಣಿ ಕಿಂಡಿಯ ಜಾಲರಿಗೆ ಅಂಟಿಕೊಂಡು, ಬರುತ್ತಿದ್ದ ಗಾಳಿಯೂ ನಿಂತಿತ್ತು. ಮುಳ್ಳು ಮೇಲೇರುತ್ತಾ ಇದೆ, ಸಾಹುಕಾರರು ಸೊಂಟಕ್ಕೆ ಕೈಕೊಟ್ಟು ನಿಂತು, "ಇನ್ನೊಂದೆರಡು ಕಟ್ರೋ, ನೀರು ಹಾಕ್ರೋ" ಅನ್ನುತ್ತಿದ್ದಾರೆ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟನ್ನೂ ಕಿತ್ತು ಅವರ ಕಾಲ ಹತ್ತಿರವೇ ಎಸೆದೆ.

"ಏನಮ್ಮಾ, ತಲೆ ಗಿಲೆ ಕೆಟ್ಟದಾ?"

"ಒಳಗೆ ಉರೀತಿರೋರ ಮೂಗು ಮುಚ್ಚಿದ್ರೆ ತಣ್ಣಗಾಯ್ತಾರಾ ಸಾಹುಕಾರ್ರೇ?" ಅಂದೆ.

ಗಾಳಿ ನೋಡುವ ಬಗೆಯೂ ಆಗ ಬೇರೆ ಇತ್ತು. ಎಲ್ಲಿ ಸೋರುತ್ತದೆ, ಎಲ್ಲಿ ಸುಮ್ಮನೆ ಸುತ್ತುತ್ತದೆ ಅಂತ ಕಾಣಲು ಊದುಬತ್ತಿ ಹಚ್ಚಿ ಮೂಲೆ ಮೂಲೆಗೆ ಹಿಡಿಯುತ್ತಿದ್ದೆವು. ಹೊಗೆ ಹೋದ ಕಡೆ ಗಾಳಿ. ಒಬ್ಬ ಅಧಿಕಾರಿ ಬಂದವರು, ಊದುಬತ್ತಿ ನೋಡಿ ಬಾಗಿಲಲ್ಲೇ ಬೂಟು ಬಿಚ್ಚಿ ಕೈಮುಗಿದಿದ್ದೂ ಉಂಟು. ಆಮೇಲೆ ಹೊಗೆ ಮಿಷನ್ ಬಂತು, ಅಂಕಿ ತೋರಿಸುವ ಮೀಟರ್ ಬಂತು, ಕಂಪ್ಯೂಟರ್ ಬಂತು. ಒಳ್ಳೆಯದೇ. ಆದರೆ ಪರದೆಯಲ್ಲಿ ಹಸಿರು ಬಣ್ಣ ಕಂಡರೆ ಕೋಣೆಗೆ ಕಾಲೇ ಇಡದೆ ಟೀ ಕುಡಿಯಲು ಹೋಗುವ ಇಂಜಿನಿಯರುಗಳನ್ನೂ ಆಮೇಲೆ ಕಂಡೆ. ಅವರಿಗಿಂತ ಕೈಮುಗಿದವರೇ ವಾಸಿ, ಒಳಗಾದರೂ ಬಂದಿದ್ದರು.

ಈಗ ಅನ್ವರ್ ಅವರ ವಿಚಾರ. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕೆ.

ಅನ್ವರ್ ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್. ಚನ್ನಪಟ್ಟಣದವರು. ಅಪ್ಪ ಅಣ್ಣಂದಿರು ಬೊಂಬೆ ಕಡೆಯುವವರು. ಇವರು ಮಾತ್ರ ವೈರು ಹಿಡಿದವರು. ನನ್ನನ್ನು ಅಕ್ಕ ಅನ್ನುವರು, ನಾನು ಭಾಯ್ ಅನ್ನುವೆ. ಜಗಳ ದಿನಾ ಇದ್ದದ್ದೇ, ಬುತ್ತಿ ಹಂಚಿಕೊಂಡು ತಿನ್ನುವುದೂ ಇದ್ದದ್ದೇ. ನಕಲು ಕೋಣೆಯ ಹೀಟರು, ಫ್ಯಾನು ಎಲ್ಲದಕ್ಕೂ ವೈರಿಂಗ್ ಅವರದೇ. ಅದರಲ್ಲಿ ಅವರೊಂದು ಕಟ್ಟುನಿಟ್ಟು ಇಟ್ಟಿದ್ದರು. ಫ್ಯಾನು ನಿಂತರೆ ಹೀಟರೂ ತಾನಾಗಿ ನಿಲ್ಲಬೇಕು. ಗೂಡು ಒಣಗಿಸುವ ಪೆಟ್ಟಿಗೆಗೆಲ್ಲ ಅವರು ಹಾಗೇ ಕಟ್ಟಿಕೊಂಡು ಬಂದವರು. ಯಾಕೆಂದರೆ ಫ್ಯಾನು ನಿಂತು ಹೀಟರ್ ಉರಿಯುತ್ತಲೇ ಇದ್ದರೆ ಗೂಡು ಸೀದು ಹೋಗುತ್ತದೆ, ಪೆಟ್ಟಿಗೆಗೂ ಬೆಂಕಿ. ಯಾವ ಒಳ್ಳೆ ಎಲೆಕ್ಟ್ರಿಷಿಯನ್ ಆದರೂ ಅದನ್ನೇ ಮಾಡುತ್ತಾನೆ.

ಅದು ಹೊತ್ತುಗೊತ್ತಿಲ್ಲದೆ ಕರೆಂಟ್ ತೆಗೆಯುತ್ತಿದ್ದ ಕಾಲ. ಕರೆಂಟ್ ಹೋಗುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು, ಡಬ್ಬಗಳ ಕಾವು ನಿಧಾನವಾಗಿ ಇಳಿಯುತ್ತಿತ್ತು. ಸಾಹುಕಾರರಿಗೆ ಹಿಗ್ಗೋ ಹಿಗ್ಗು. "ಕರೆಂಟ್ ಹೋದ್ರೂ ನಮ್ಮ ಸಾಮಾನು ಕೆಡಲ್ಲ" ಅಂತ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಕಚೇರಿಯ ಅಧಿಕಾರಿಯೂ ಶಭಾಷ್ ಅಂದುಬಿಟ್ಟರು. ದೊಡ್ಡ ದೊಡ್ಡ ಓದು ಓದಿದವರು! ತಂಪು ಕೋಣೆಯಲ್ಲಿ ಕೂತು ಅಂಕಿ ನೋಡಿದರು, ಇಳಿದಿದೆ ಅಂದರು, ಮುಗಿಯಿತು.

ಒಂದು ಭಾನುವಾರ ಮಧ್ಯಾಹ್ನ. ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ತಂದು ರಾಶಿ ಹಾಕಿದ್ದೆವು. ಸೊಪ್ಪಿನ ಮನೆಗೆ ಒಂದು ಟೇಬಲ್ ಫ್ಯಾನ್ ಇಟ್ಟಿದ್ದೆ, ನನ್ನದೇ ಜಂಬ. ಕರೆಂಟ್ ಹೋಯಿತು. ನಾನು ಗೋಡೆಗೆ ಒರಗಿ ಕೂತೆ. ಅತ್ತೆ ಒಳಗಿನಿಂದ ಕೂಗಿದರು:

"ಏನೇ, ಕರೆಂಟೋದ್ರೆ ಸೊಪ್ಪಿನ ಕಾವೂ ಹೊಂಟೋಯ್ತದಾ? ಎದ್ದು ಕೆದ್ರೇ, ಬೆಂದೋಗ್ಬುಡ್ತದೆ!"

ಹಸಿ ಸೊಪ್ಪನ್ನು ಒತ್ತಾಗಿ ಬಿಟ್ಟರೆ ಒಳಗೊಳಗೇ ಕಾವು ಹುಟ್ಟುತ್ತದೆ, ಅದನ್ನು ಕೆದರಿ ಗಾಳಿಯಾಡಿಸಬೇಕು, ನಮ್ಮ ಕಡೆ ಎಲ್ಲರಿಗೂ ಗೊತ್ತು. ಎದ್ದು ರಾಶಿಗೆ ಕೈ ಹಾಕಿದೆ. ಒಳಗೆ ಬೆಚ್ಚಗೆ ಹೊಗೆಯಾಡುವ ಹಾಗಿತ್ತು. ಕೈ ಅಲ್ಲೇ ನಿಂತಿತು. ಅಯ್ಯೋ ಶಿವನೇ, ನಾವು ಇಷ್ಟು ದಿನ ಮಾಡಿದ್ದೇನು? ನಮ್ಮ ಕೋಣೆಯಲ್ಲಿ ಕರೆಂಟ್ ಹೋದಾಗ ಕಾವು ಇಳಿದದ್ದು ನಮ್ಮ ಗಾಳಿ ಒಳ್ಳೆಯದಿದ್ದಕ್ಕಲ್ಲ. ಹೀಟರೂ ಆರುತ್ತಿತ್ತು, ಅದಕ್ಕೆ! ನಿಜವಾದ ಡಬ್ಬಕ್ಕೆ ಯಾವ ಲೈನಿನಿಂದ ಕರೆಂಟ್? ಅಲ್ಲಿ ಫ್ಯಾನು ನಿಂತರೂ ಒಳಗಿನದು ಉರಿಯುತ್ತಲೇ ಇರುತ್ತದೆ. ಅದೊಂದನ್ನೇ ನಾವು ಪರೀಕ್ಷೆ ಮಾಡಿರಲಿಲ್ಲ.

ಸೋಮವಾರ ಮೊದಲು ಹೇಳಿದ್ದು ಅನ್ವರ್ ಅವರಿಗೆ, ಬೇರೆ ಯಾರಿಗೂ ಅಲ್ಲ. ಹೀಟರಿಗೆ ಬೇರೆ ಲೈನು ಎಳೆಯಿರಿ, ಜನರೇಟರಿನಿಂದ ಕೊಡಿ, ಫ್ಯಾನು ನಿಂತರೂ ಅದು ಉರಿಯಲಿ ಅಂದೆ. ಸಿಡಿದರು.

"ಏನಕ್ಕ ಮಾತಾಡ್ತೀರಾ? ಫ್ಯಾನ್ ನಿಂತ್ಮೇಲೆ ಹೀಟರ್ ಉರೀಬೇಕಾ? ಬೆಂಕಿ ಬಿದ್ರೆ ಯಾರ ತಲೆ ಮೇಲೆ? ನಮ್ಮ ಉಸ್ತಾದ್ ಕಪಾಳಕ್ಕೆ ಹೊಡ್ದು ಕಲಿಸಿರೋ ಕೆಲ್ಸ ಇದು."

"ಭಾಯ್, ಅಲ್ಲಿರೋದು ಹೀಟರಲ್ಲ."

"ಮತ್ತೇನು..." ಅಂದವರು ಅಲ್ಲೇ ನಿಂತರು. ಕೈಯಲ್ಲಿದ್ದ ಟೆಸ್ಟರನ್ನು ಜೇಬಿಗೆ ಹಾಕಿದರು, ಮತ್ತೆ ತೆಗೆದರು. "ಯಾ ಅಲ್ಲಾ! ಅದಕ್ಕೆ ಸ್ವಿಚ್ಚೇ ಇಲ್ವಲ್ಲ ಅಕ್ಕ."

"ಇಲ್ಲ."

"ಹಂಗಾದ್ರೆ ನಾನೇ ಎಲ್ರಿಗೂ ಮೋಸ ಮಾಡ್ಬುಟ್ನಾ?"

"ನೀವು ಗೂಡಿನ ಪೆಟ್ಟಿಗೆಗೆ ಸರಿಯಾಗೇ ಕಟ್ಟಿದ್ರಿ. ಇದು ಗೂಡಿನ ಪೆಟ್ಟಿಗೆ ಅಲ್ಲ ಅಂತ ನಾವ್ಯಾರೂ ಹೇಳ್ಲಿಲ್ಲ" ಅಂದೆ. ಆ ದಿನ ಅವರು ಬುತ್ತಿಯನ್ನೇ ಬಿಚ್ಚಲಿಲ್ಲ.

ಇಬ್ಬರೂ ಹೋಗಿ ಸಾಹುಕಾರರಿಗೆ ಹೇಳಿದೆವು. ಮುಂದಿನ ವಾರವೇ ಅಧಿಕಾರಿ ಬಂದು ಸಾಮಾನು ಒಪ್ಪಿಸಿಕೊಂಡು ಹೋಗುವುದಿತ್ತು. ಸಾಹುಕಾರರು ಬಾಗಿಲು ಹಾಕಿಕೊಂಡು, ಮೆಲ್ಲಗೆ ಹೇಳಿದರು: "ಪಾಸಾಗಿರೋ ಹುಡುಗನ್ನ ಮತ್ತೆ ಪರೀಕ್ಷೆಗೆ ಕೂರಿಸ್ತಾರೇನಮ್ಮಾ? ಬಾಯ್ಮುಚ್ಕೊಂಡಿರಿ. ಮಾತು ಹೊರಗೆ ಬಿತ್ತೋ, ಈ ವೈರಿಂಗ್ ಮಾಡ್ದೋನು ಮನೆಗೆ ಹೋಯ್ತಾನೆ, ತಿಳ್ಕೊಳಿ." ನನಗೆ ಹೇಳುತ್ತಾ ನೋಡಿದ್ದು ಅನ್ವರ್ ಅವರ ಕಡೆ. ಎಂಥ ಲೆಕ್ಕಾಚಾರ ನೋಡಿ! ನನ್ನ ಬಾಯಿಗೆ ಬೀಗ ಹಾಕಲು ಅವರ ಅನ್ನಕ್ಕೆ ಕೈ ಹಾಕಿದರು. ಅನ್ವರ್ ಅವರಿಗೆ ಆಗಷ್ಟೇ ಎರಡನೆಯ ಮಗು ಹುಟ್ಟಿತ್ತು. ಸುಮ್ಮನಿದ್ದರೆ ಗೊತ್ತಿಲ್ಲದ ಊರಿನ ಉಗ್ರಾಣದಲ್ಲಿ ಗೊತ್ತಿಲ್ಲದ ಜನ ಬೇಯಬೇಕು. ಬಾಯಿಬಿಟ್ಟರೆ ಎದುರಿಗಿರುವವನ ಕೆಲಸ ಹೋಗುತ್ತದೆ. ಎರಡು ದಿನ ಮನೆಯಲ್ಲಿ ಸಿಕ್ಕಿದವರ ಮೇಲೆಲ್ಲ ಹರಿಹಾಯ್ದೆ.

ಕೊನೆಗೆ ಅನ್ವರ್ ಅವರೇ ಬಂದು, "ಅಕ್ಕ, ಬೇರೆ ಲೈನ್ ಎಳ್ದಾಯ್ತು. ಅಧಿಕಾರಿ ಬಂದಾಗ ನೀವು ಬಾಯ್ಬುಡಿ" ಅಂದರು.

"ಆಮೇಲೆ?"

"ಆಮೇಲೆ ನೋಡಾನ. ಈ ಕೆಲ್ಸಾನ ಹಿಂಗೇ ಬುಟ್ರೆ ನಂಗೆ ಗಂಟ್ಲಲ್ಲಿ ಅನ್ನ ಇಳಿಯಕಿಲ್ಲ."

ಅಧಿಕಾರಿ ಬಂದರು. ಸಾಹುಕಾರರು ಹಾರ, ಎಳನೀರು ಎಲ್ಲ ತರಿಸಿದ್ದರು. ನಾನು ಎಳನೀರು ಮುಗಿಯುವವರೆಗೂ ಕಾಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಧಿಕಾರಿ ಎಳನೀರು ಕೆಳಗಿಟ್ಟರು. ಸಾಹುಕಾರರು ತಟ್ಟನೆ, "ಅದು ನಮ್ಮ ಎಲೆಕ್ಟ್ರಿಷಿಯನ್ ಮಾಡಿದ ಎಡವಟ್ಟು ಸಾರ್, ಅವನನ್ನ ತೆಗೆದುಹಾಕ್ತೀನಿ" ಅಂದರು. ನಾನು ಅಂದೆ: "ಕಟ್ಟಿದ್ದು ಅವರು. ಅಂಕಿ ಓದಿದ್ದು ನಾನು, ಮೆಚ್ಚಿದ್ದು ನೀವು, ಶಭಾಷ್ ಅಂದಿದ್ದು ಈ ಸಾಹೇಬ್ರು. ತೆಗೆಯೋದಾದ್ರೆ ಎಲ್ರನ್ನೂ ತೆಗೀರಿ." ಆಮೇಲೆ ಅಧಿಕಾರಿ, "ಈಗಲೇ ಮಾಡಿ ನೋಡೋಣ" ಅಂದರು. ಅಷ್ಟರಮಟ್ಟಿಗೆ ಅವರು ಮನುಷ್ಯರು.

ಫ್ಯಾನು ನಿಂತರೆ ಏನಾಗಬೇಕು ಅಂತ ಮೊದಲು ಹೇಳುತ್ತೇನೆ. ಚಿಮಣಿಯ ಬುಡದಲ್ಲಿ ಒಂದು ಕಬ್ಬಿಣದ ಬಾಗಿಲು. ಫ್ಯಾನು ಓಡುವಾಗ ಗಾಳಿ ಬೇರೆ ಕೊಳವೆಯಲ್ಲಿ ಬಳಸಿಕೊಂಡು ಚಿಮಣಿ ಸೇರುತ್ತದೆ, ಅದರ ಒತ್ತಡಕ್ಕೆ ಈ ಬಾಗಿಲು ಮುಚ್ಚಿರುತ್ತದೆ. ಫ್ಯಾನು ನಿಂತ ಕೂಡಲೇ ತನ್ನ ಭಾರಕ್ಕೇ ಬಿದ್ದು ತೆರೆದುಕೊಳ್ಳಬೇಕು. ಆಗ ಬಿಸಿಗಾಳಿ ಯಾರ ಹಂಗೂ ಇಲ್ಲದೆ ಚಿಮಣಿಯಲ್ಲಿ ಮೇಲೇರುತ್ತದೆ, ಕೆಳಗಿನಿಂದ ತಣ್ಣನೆಯದು ತಾನೇ ಒಳಗೆ ಬರುತ್ತದೆ. ಕರೆಂಟ್ ಇಲ್ಲದಾಗ ಡಬ್ಬಗಳಿಗೆ ಅದೊಂದೇ ದಿಕ್ಕು. ಕೋಣೆ ತಣ್ಣಗಿದ್ದಾಗ ಆ ಬಾಗಿಲನ್ನು ಎಷ್ಟೋ ಸಲ ಬೀಳಿಸಿ ನೋಡಿದ್ದೆವು, ಧಡ್ ಅಂತ ಬೀಳುತ್ತಿತ್ತು.

ಕೋಣೆ ಚೆನ್ನಾಗಿ ಕಾದ ಮೇಲೆ ಅನ್ವರ್ ಫ್ಯಾನು ನಿಲ್ಲಿಸಿದರು. ಹೀಟರ್ ಉರಿಯುತ್ತಲೇ ಇತ್ತು. ಎಲ್ಲರೂ ಧಡ್ ಅನ್ನುವುದನ್ನು ಕಾದೆವು. ಸದ್ದೇ ಇಲ್ಲ. ಊದುಬತ್ತಿ ಹಿಡಿದೆ, ಹೊಗೆ ನೆಟ್ಟಗೆ ನಿಂತುಬಿಟ್ಟಿತು. ಕಾದ ಕಬ್ಬಿಣ ಹಿಗ್ಗಿ, ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡಿತ್ತು. ಹಿಂದೆ ಕರೆಂಟ್ ಹೋದಾಗಲೂ ಕಚ್ಚಿಕೊಂಡಿತ್ತೋ ಏನೋ, ಕಾವು ಹೇಗೂ ಇಳಿಯುತ್ತಿತ್ತಲ್ಲ, ಯಾರು ನೋಡಿದ್ದರು? ಮುಳ್ಳು ಏರತೊಡಗಿತು. ಬಣ್ಣ ಸುಟ್ಟ ವಾಸನೆ ಬಂತು.

"ಆರ್ಸೋ ಹೀಟರ್ನ! ಏಯ್, ಆರ್ಸೋ!" ಅಂತ ಸಾಹುಕಾರರು ಅರಚಿಕೊಂಡರು.

ನಾನು ಸ್ವಿಚ್ಚಿಗೆ ಅಡ್ಡ ನಿಂತೆ. "ಅಲ್ಲಿ ಆರ್ಸಕ್ಕೆ ಸ್ವಿಚ್ ಎಲ್ಲೈತೆ ತೋರ್ಸಿ ಸಾಹುಕಾರ್ರೇ, ಇಲ್ಲೂ ಆರಿಸ್ತೀನಿ!"

ಅಧಿಕಾರಿ ಹಣೆ ಒರೆಸಿಕೊಳ್ಳುತ್ತಾ ಮುಳ್ಳು ನೋಡುತ್ತಲೇ ಇದ್ದರು. ಅದು ಕೆಂಪು ಗೆರೆ ದಾಟಿತು. ಆಮೇಲೆ, "ಸಾಕು ಜಯಮ್ಮನವರೇ, ನೋಡಿದೆ, ಆರಿಸಿ" ಅಂದರು. ಆರಿಸಿದೆ. ಸಾಮಾನು ಒಪ್ಪಿಸಿಕೊಳ್ಳಲಿಲ್ಲ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟು ಬೇರೆ ಮಾಡಿ, ಇದೇ ಪರೀಕ್ಷೆ ಮತ್ತೆ ಮಾಡಿ ತೋರಿಸಿ ಅಂತ ಹೇಳಿ ಹೋದರು.

ಅವರ ಜೀಪು ಗೇಟು ದಾಟಿತು ಅಷ್ಟೇ. ಸಾಹುಕಾರರು ಅನ್ವರ್ ಅವರನ್ನು ಕರೆಸಿ, ನಾಳೆಯಿಂದ ಬರಬೇಡ ಅಂದರು. ನಾನು ಕೂಗಾಡಿದೆ, ಕಾರ್ಖಾನೆ ಒಂದು ಮಾಡಿದೆ. "ನಿಮ್ಮನ್ನೂ ಕಳಿಸ್ತಿದ್ದೆ, ಆ ಅಧಿಕಾರಿ ನಿಮ್ಮ ಹೆಸ್ರೇ ಹೇಳ್ತಾನೆ, ಅದಕ್ಕೆ ಇಟ್ಕೊಂಡಿದೀನಿ" ಅಂದರು. ಅನ್ವರ್ ತಮ್ಮ ಸಾಮಾನು ಚೀಲಕ್ಕೆ ತುಂಬಿಕೊಂಡು, "ಬತ್ತೀನಕ್ಕ, ಬಾಗ್ಲು ಸರಿ ಮಾಡ್ಸಿ" ಅಂದು ಹೊರಟುಹೋದರು. ತಪ್ಪನ್ನು ಮುಚ್ಚಲು ಹೊರಟವರು ಕುರ್ಚಿಯಲ್ಲಿ, ತಪ್ಪನ್ನು ತೋರಿಸಿದವರು ಬಸ್ ಸ್ಟಾಪಿನಲ್ಲಿ.

ಬಾಗಿಲು ಹೊಸದಾಯಿತು. ಹೊಸ ಎಲೆಕ್ಟ್ರಿಷಿಯನ್ ಬಂದ, ಮಾಗಡಿಯವನು, ನಯವಾದ ಮನುಷ್ಯ, ಕೆಲಸ ಬಲ್ಲವನು. ಮರುಪರೀಕ್ಷೆಯ ಹಿಂದಿನ ದಿನ ನಾನು ಪ್ಯಾನಲ್ ತೆಗೆದು ನೋಡುತ್ತೇನೆ, ಹೀಟರಿಗೆ ಅನ್ವರ್ ಎಳೆದಿದ್ದ ಬೇರೆ ಲೈನೇ ಇಲ್ಲ! ಕಿತ್ತು, ಫ್ಯಾನಿನ ಜೊತೆಗೇ ಕಟ್ಟಿಟ್ಟಿದ್ದಾನೆ.

"ಏನಪ್ಪಾ ಇದು?"

"ಯಾವನೋ ತಪ್ಪಾಗಿ ಕಟ್ಟಿದ್ದ ಮೇಡಂ. ಫ್ಯಾನ್ ನಿಂತ್ರೂ ಹೀಟರ್ ಉರೀತಿತ್ತು. ಡೇಂಜರ್ ಅಲ್ವಾ, ಸರಿ ಮಾಡ್ದೆ" ಅಂದ, ಹೆಮ್ಮೆಯಿಂದ.

ಅವನನ್ನು ಬೈದು ಏನು ಫಲ? ಅವನಿಗೆ ಯಾರು ಹೇಳಿದ್ದರು? ಪ್ಯಾನಲ್ಲಿನ ಪಿಂಗಾಣಿ ಫ್ಯೂಸುಗಳನ್ನೆಲ್ಲ ಒಂದೊಂದಾಗಿ ಕಿತ್ತು ನನ್ನ ಊಟದ ಚೀಲಕ್ಕೆ ಹಾಕಿಕೊಂಡೆ. ನೇರ ಸಾಹುಕಾರರ ಕೋಣೆಗೆ ಹೋಗಿ ಕೂತೆ. ಅವರೆದುರು ನಾನು ಕುರ್ಚಿ ಎಳೆದುಕೊಂಡು ಕೂತದ್ದು ಅದೇ ಮೊದಲು.

"ಈ ತಪ್ಪನ್ನ ಇನ್ನೊಂದ್ಸಲ ಮಾಡದೇ ಇರೋ ಎಲೆಕ್ಟ್ರಿಷಿಯನ್ ಈ ಸೀಮೇಲಿ ಒಬ್ರೇ ಇರೋದು. ಅವರನ್ನ ನೀವು ಮನೆಗೆ ಕಳಿಸಿದ್ದೀರಿ. ಅವರು ಬರೋತನಕ ಫ್ಯೂಸ್ ಕೊಡಲ್ಲ" ಅಂದೆ.

"ನಾಳೆ ಅಧಿಕಾರಿ ಬತ್ತಾರೆ ಕಣಮ್ಮಾ!"

"ಬರ್ಲಿ. ಅವರಿಗೂ ಇದನ್ನೇ ಹೇಳ್ತೀನಿ."

ಬೈದರು, ಹೆದರಿಸಿದರು, ಕೊನೆಗೆ ಡ್ರೈವರನ್ನು ಕರೆದು ಚನ್ನಪಟ್ಟಣಕ್ಕೆ ಕಾರು ಕಳಿಸಿದರು. ಕಾರು ಖಾಲಿ ಬಂತು. ಅನ್ವರ್ ಹತ್ತಲಿಲ್ಲವಂತೆ. ಮಾರನೆಯ ಬೆಳಗ್ಗೆ ಬಸ್ಸಿನಲ್ಲಿ ಬಂದರು, ಅದೇ ಚೀಲ ಹೆಗಲಿಗೆ ಹಾಕಿಕೊಂಡು. ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು. ಅನ್ವರ್ ಸಾಹುಕಾರರ ಮುಂದಿನಿಂದಲೇ ಹಾದು ಪ್ಯಾನಲ್ ಹತ್ತಿರ ಹೋದರು. ಮಾಗಡಿಯವನನ್ನು ಪಕ್ಕಕ್ಕೆ ಕರೆದು, "ನಾನೂ ಹಿಂಗೇ ಕಟ್ಟಿದ್ದೆ ಕಣಪ್ಪ, ಬಾ ತೋರಿಸ್ತೀನಿ" ಅಂತ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟರು. ಆಮೇಲೆ ನನ್ನ ಕಡೆ ಕೈ ಚಾಚಿದರು. ಫ್ಯೂಸುಗಳನ್ನು ಕೊಟ್ಟೆ.

ಅಧಿಕಾರಿಯ ಎದುರು ಕೋಣೆ ಕಾಯಿಸಿದೆವು, ಫ್ಯಾನು ನಿಲ್ಲಿಸಿದೆವು. ಬಾಗಿಲು ಬಿತ್ತು. ಹೊಗೆ ಸರಸರ ಚಿಮಣಿ ಹತ್ತಿತು. ಹೀಟರ್ ಉರಿಯುತ್ತಲೇ ಇದ್ದರೂ ಮುಳ್ಳು ಗೆರೆಯ ಕೆಳಗೇ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಸಾಹುಕಾರರ ಕೊರಳಿಗೆ ಹಾರ ಬಿತ್ತು. ಅವರು ಹಾರ ಹಾಕಿಕೊಂಡೇ ನನ್ನ ಹತ್ತಿರ ಬಂದು, "ಈಗಲಾದ್ರೂ ಕೋಪ ಇಳೀತಾ ಜಯಮ್ಮ?" ಅಂದರು.

"ನನ್ನ ಕೋಪದ ಮಾತು ಬುಡಿ. ಅಲ್ಲಿದ್ದಾರೆ ನೋಡಿ ಅನ್ವರ್ ಅವರು, ಹೋಗಿ ತಪ್ಪಾಯ್ತು ಅನ್ನಿ" ಅಂದೆ.

ಅನ್ನಲಿಲ್ಲ. ಅವರನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಂಡರು, ಆದರೆ ಆ ಒಂದು ಮಾತು ಮಾತ್ರ ಅನ್ನಲಿಲ್ಲ. ಅನ್ವರ್ ನಿವೃತ್ತರಾಗುವ ದಿನ ನಾನು ಎಲ್ಲರೆದುರಿಗೂ ಇನ್ನೊಮ್ಮೆ ಕೇಳಿದೆ. ಸಾಹುಕಾರರು ಶಾಲು ಮಡಿಸುತ್ತಾ ನೆಲ ನೋಡಿದರು. ಅನ್ವರ್ ನನ್ನ ಕೈ ಹಿಡಿದು, "ಬುಡಿ ಅಕ್ಕ, ಬಾಗ್ಲು ಬಿತ್ತಲ್ಲ, ಸಾಕು" ಅಂದರು. ಅವರಿಗೆ ಸಾಕಾಗಿತ್ತು. ನನಗೆ ಸಾಕಾಗಿಲ್ಲ.